ಏಳನೆಯ ಬ್ಲಾಕಿನ ಸದ್ದು

ಗೋಡೆಗಳಿಗೂ ನೋವಾಗುತ್ತದೆ ಎಂದು ಬೆಣಚಿಹಾಳ ನಗರಸಭೆಗೆ ಗೊತ್ತಾದ ವರ್ಷವೇ ಆ ಊರಿನ ಜನ ಗೋಡೆಗಳನ್ನು ಹೊಡೆಯಲು ಕಲಿತರು.

ನಗರಸಭೆ ಬಡವರಿಗಾಗಿ ಕಟ್ಟಿಸಿದ ಹನ್ನೊಂದು ಬ್ಲಾಕುಗಳು ಊರಿನ ಪೂರ್ವಕ್ಕೆ, ಹಳೆಯ ಹತ್ತಿ ಮಿಲ್ಲಿನ ಬಯಲಿನಲ್ಲಿದ್ದವು. ಒಂದೊಂದಕ್ಕೂ ಮೂರು ಅಂತಸ್ತು, ಇಪ್ಪತ್ತನಾಲ್ಕು ಮನೆ. ಕಟ್ಟಿ ನಲವತ್ತು ವರ್ಷ ಕಳೆದಿತ್ತು. ಚಾವಣಿಯ ಗಾರೆ ಉದುರಿ ಊಟದ ತಟ್ಟೆಗೆ ಬೀಳುತ್ತಿತ್ತು. ನಗರಸಭೆಗೆ ಇದ್ದದ್ದು ಒಂದೇ ರಿಪೇರಿ ತಂಡ. ತಿಂಗಳಿಗೆ ಒಂದು ಬ್ಲಾಕು ಮಾತ್ರ ಆಗುತ್ತಿತ್ತು. ಯಾವುದು ಮೊದಲು ಎಂಬುದಕ್ಕೆ ಪ್ರತಿ ಸಭೆಯಲ್ಲೂ ಕುರ್ಚಿ ಮುರಿಯುವಷ್ಟು ಜಗಳ.

ಆ ಜಗಳ ನಿಲ್ಲಿಸಲೆಂದೇ ಎಂಜಿನಿಯರ್ ಪ್ರಫುಲ್ಲಾ ಹೊಂಬಳ ಆ ಯಂತ್ರವನ್ನು ತಂದಳು. ಬೋರೆಹಣ್ಣಿನ ಗಾತ್ರದ ಒಂದು ಬಿಲ್ಲೆ. ಒಳಗೇ ಬ್ಯಾಟರಿ, ಒಳಗೇ ಪುಟ್ಟ ರೇಡಿಯೊ. ಅದನ್ನು ಸಭೆಯ ಮೇಜಿನ ಮೇಲಿಟ್ಟು ಹೇಳಿದಳು:

"ಒಳಗಿನ ಕಬ್ಬಿಣಕ್ಕ ತುಕ್ಕು ಹಿಡದ್ರ ಅದು ಉಬ್ಬತೈತ್ರಿ. ಉಬ್ಬಿ ಸುತ್ತಲಿನ ಕಾಂಕ್ರೀಟ್ ಸೀಳತೈತಿ. ಒಂದೊಂದು ಸೀಳೂ ಸಪ್ಪಳ ಮಾಡತೈತಿ, ನಮ್ಮ ಕಿವಿಗೆ ಕೇಳ್ದಂಥಾದ್ದು. ಇದಕ್ಕ ಕೇಳತೈತಿ. ಎಷ್ಟು ಸಪ್ಪಳ, ಅಷ್ಟು ಅಂಕ. ನೂರಕ್ಕ ಹತ್ರ ಬಂತಂದ್ರ ಕಟ್ಟಡ ಬೀಳೂದಕ್ಕ ಹತ್ರ ಬಂತು ಅಂತ ಅರ್ಥ."

ಹಿಂದಿನ ಸಾಲಿನ ಒಬ್ಬ ಸದಸ್ಯರು ಎದ್ದು ನಿಂತರು. "ಅಲ್ರೀ ಬಾಯಾರ, ಗ್ವಾಡಿ ಅಳೂದು ಇದಕ್ಕ ಕೇಳಸ್ತೈತಿ. ಒಳಗ ಮಂದಿ ಅಳೂದು ಕೇಳಸ್ತೈತೇನು?"

ಸಭೆ ನಕ್ಕಿತು. ಪ್ರಫುಲ್ಲಾಳೂ ನಕ್ಕಳು. ಅಧ್ಯಕ್ಷ ಮಲಕಾಜಪ್ಪ ಇಟಗಿ ಮೇಜು ಕುಟ್ಟಿ ಠರಾವು ಓದಿಸಿದರು: ಪ್ರತಿ ತಿಂಗಳ ಮೊದಲ ಸೋಮವಾರ ಯಾವ ಬ್ಲಾಕಿನ ಅಂಕ ಹೆಚ್ಚೋ ಅದಕ್ಕೆ ರಿಪೇರಿ. ಕಾಲೋನಿಯ ಗೇಟಿನಲ್ಲಿ ದೊಡ್ಡ ಫಲಕ ಹಾಕಿ ಎಲ್ಲರ ಅಂಕ ಎಲ್ಲರಿಗೂ ಕಾಣಿಸುವುದು. ಎಲ್ಲರೂ ಕೈ ಎತ್ತಿದರು. ನೌಕರರು ಹೋಗಿ ಒಂದೊಂದು ಬ್ಲಾಕಿನ ಗೋಡೆಗಳಿಗೂ ಹತ್ತೊಂಬತ್ತು ಬಿಲ್ಲೆ ಕೂರಿಸಿ ಬಂದರು.

ಒಂದು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು.

ಐದನೆಯ ಬ್ಲಾಕಿನಲ್ಲಿ ಯಮನೂರಪ್ಪ ಎಂಬವನಿದ್ದ. ಲಾರಿಗಳ ಟಯರ್ ಬಿಚ್ಚುವ ಕೆಲಸ, ಹತ್ತು ಕಿಲೋ ಸುತ್ತಿಗೆಯನ್ನು ಚಮಚೆಯಂತೆ ಎತ್ತುವ ತೋಳು. ಒಂದು ಮಧ್ಯಾಹ್ನ ಅವನ ಮಲಗಿದ್ದ ಮಗಳ ಮೇಲೆ ಚಾವಣಿಯ ಗಾರೆ ಬಿದ್ದು, ಮಗುವಿನ ಹೆಗಲ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದವನು ಯಾರ ಮೇಲೆ ಸಿಟ್ಟು ತೀರಿಸಬೇಕೆಂದು ತಿಳಿಯದೆ ಸುತ್ತಿಗೆ ಎತ್ತಿ ಮನೆಯ ಗೋಡೆಗೇ ಹೊಡೆದ. ಹೆಂಡತಿ ಬಂದು ಕೈ ಹಿಡಿಯುವವರೆಗೂ ಹೊಡೆದ. ಮರುದಿನ ಫಲಕದ ಮೇಲೆ ಐದನೆಯ ಬ್ಲಾಕಿನ ಅಂಕ ನಲವತ್ತೊಂದರಿಂದ ಐವತ್ತೆಂಟಕ್ಕೆ ಏರಿತ್ತು.

ಅದನ್ನು ಇಡೀ ಕಾಲೋನಿ ನೋಡಿತು.

ಮೂರನೆಯ ಬ್ಲಾಕಿನವರು ಚುರುಕು. ನಲವತ್ತು ಜನ ಹಾರೆ, ಒನಕೆ, ರುಬ್ಬುಗುಂಡು ಹಿಡಿದು ಮೂರು ದಿನ ತಮ್ಮ ಮನೆಗಳನ್ನೇ ಬಡಿದರು. ತಿಂಗಳ ರಿಪೇರಿ ಅವರಿಗೆ ಹೋಯಿತು. ಆಮೇಲೆ ಯಾರೂ ಸುಮ್ಮನೆ ಕೂರಲಿಲ್ಲ. ಶಾಲೆ ಬಿಟ್ಟ ಮಕ್ಕಳು, ಬಾಣಂತಿಯರು, ಕೋಲೂರಿ ನಡೆಯುವ ಮುದುಕರು, ಎಲ್ಲರೂ ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ನಿಲ್ಲುತ್ತಿದ್ದರು. ಒಂಬತ್ತನೆಯ ಬ್ಲಾಕಿನಲ್ಲಿ ಒಬ್ಬ ಮೇಷ್ಟ್ರು, "ನಾ ಹೊಡಿಯೂದಿಲ್ರಪ್ಪಾ, ಇದು ನಾವ ಮಲಗೂ ಮನಿ" ಎಂದದ್ದಕ್ಕೆ ನೆರೆಯವರೇ ಅವರನ್ನು ಮೆಟ್ಟಿಲಿನಿಂದ ಕೆಳಗೆಳೆದು ಹಲ್ಲು ಉದುರಿಸಿದರು. ಎರಡನೆಯ ಬ್ಲಾಕಿಗೆ ತಪಾಸಣೆಗೆ ಹೋದ ಕಿರಿಯ ಎಂಜಿನಿಯರನನ್ನು ನೀರಿನ ಪೈಪಿನಿಂದ ಬಡಿದರು. ಅವನ ಬಲಗಣ್ಣು ಹೋಯಿತು. ಅವನನ್ನು ಎತ್ತಿ ರಿಕ್ಷಾಕ್ಕೆ ಹಾಕಿ, ತನ್ನ ಸೆರಗು ಹರಿದು ಕಣ್ಣಿಗೆ ಒತ್ತಿ ಹಿಡಿದು ಆಸ್ಪತ್ರೆಯವರೆಗೆ ಹೋದವಳು ಹೊಡೆದವನ ಹೆಂಡತಿಯೇ.

ಅಂದಿನಿಂದ ನಗರಸಭೆಯ ನೌಕರರು ಪೊಲೀಸರಿಲ್ಲದೆ ಕಾಲೋನಿಗೆ ಕಾಲಿಡಬಾರದೆಂದು ಅಧ್ಯಕ್ಷರು ಹುಕುಂ ಹೊರಡಿಸಿದರು. ಪೊಲೀಸರಿಗೆ ಪುರಸೊತ್ತಿರಲಿಲ್ಲ. ಹಾಗಾಗಿ ಯಾರೂ ಹೋಗಲಿಲ್ಲ.

"ಮಶೀನು ನೀವು ತಂದಿದ್ದು. ಮಂದಿ ಬಡಿಯೂದನ್ನ ಅದು ಹಿಡೀಬೇಕು. ಏನರ ಮಾಡ್ರಿ," ಎಂದರು ಇಟಗಿಯವರು ಪ್ರಫುಲ್ಲಾಳಿಗೆ.

"ಮಾಡಬಹುದ್ರಿ. ಆದ್ರ ಮೊದಲ ಒಂದೊಂದು ಬ್ಲಾಕಿಗೂ ಹೋಗಿ ಅರ್ಧ ದಿನ ಕೂಡಬೇಕು. ಯಾವ ಸಪ್ಪಳ ಯಾರದು ಅಂತ ತಿಳೀಬೇಕು."

"ಒಂದು ಕಣ್ಣು ಹೋಗೇತಿ, ಇನ್ನೊಂದು ಹೋಗೂದು ಬ್ಯಾಡ. ಇಲ್ಲೇ ಕುಂತು ಮಾಡ್ರಿ."

ಅವಳು ಮತ್ತೊಮ್ಮೆ ಕೇಳಲಿಲ್ಲ. ಅವಳಿಗೂ ಹೆದರಿಕೆಯಿತ್ತು.

ಪುರಭವನದ ಹಿಂದಿನ ಕೋಣೆಯಲ್ಲಿ ಕುಳಿತು ಅವಳು ಎಂಟು ದಿನದಲ್ಲಿ ಒಂದು ಲೆಕ್ಕ ಬರೆದಳು. ಬಿರುಕು ತನಗೆ ತೋಚಿದಾಗ ಸಿಡಿಯುತ್ತದೆ. ಮನುಷ್ಯನ ಕೈ ಮಾತ್ರ ಒಂದೇ ಅಂತರದಲ್ಲಿ, ಒಂದೇ ತೂಕದಲ್ಲಿ ಬಡಿಯುತ್ತದೆ. ಲಯವಿರುವ ಸದ್ದನ್ನೆಲ್ಲ, ಅದರ ಜೊತೆಗೆ ಬಂದದ್ದನ್ನೂ ಸೇರಿಸಿ, ಸೋಸಿ ಚೆಲ್ಲುವುದು ಅವಳ ಲೆಕ್ಕ. ಅದಕ್ಕೆ ಜರಡಿ ಎಂದು ಹೆಸರಿಟ್ಟಳು. ಅಂಥ ಸದ್ದು ಅತಿಯಾದರೆ ಆ ಬ್ಲಾಕಿನ ಮುಂದೆ ಫಲಕದಲ್ಲಿ ಕೆಂಪು ದೀಪ ಹತ್ತಿ, ಆ ತಿಂಗಳ ಸರದಿ ತಪ್ಪುತ್ತಿತ್ತು. ಸಭೆ ಅದನ್ನು ಚರ್ಚೆಯಿಲ್ಲದೆ ಒಪ್ಪಿತು. ಸುದ್ದಿ ಕೇಳಿದ್ದೇ ಕಾಲೋನಿಯವರು ಗೋಡೆ ಬಡಿಯುವುದನ್ನು ಬಿಟ್ಟರು.

ಜರಡಿ ಶುರುವಾದ ದಿನ ಕೆಂಪು ದೀಪ ಹತ್ತಿದ್ದು ಏಳನೆಯ ಬ್ಲಾಕಿಗೆ. ಅದರ ಅಂಕ ಅರವತ್ತಮೂರರಿಂದ ನಾಲ್ಕಕ್ಕೆ ಇಳಿಯಿತು.

ಏಳನೆಯ ಬ್ಲಾಕಿನವರು ಒಂದು ದಿನವೂ ಗೋಡೆ ಬಡಿದವರಲ್ಲ. ಅವರು ರೊಟ್ಟಿ ಬಡಿಯುತ್ತಿದ್ದರು.

ನೆಲಮಹಡಿಯ ಫಕೀರವ್ವನ ಮನೆಯಲ್ಲಿ ಆರು ಹೆಂಗಸರು ಸೇರಿ ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡುತ್ತಿದ್ದರು. ಬೆಳಗಿನಿಂದ ಹನ್ನೊಂದರವರೆಗೆ, ಮತ್ತೆ ಮಧ್ಯಾಹ್ನ ಮೂರರಿಂದ ದೀಪ ಹಚ್ಚುವವರೆಗೆ ಹನ್ನೆರಡು ಅಂಗೈಗಳು ಕಲ್ಲಿನ ಕಟ್ಟೆಯ ಮೇಲೆ ತಟ್ಟುತ್ತಲೇ ಇರುತ್ತಿದ್ದವು. ಆ ಕಟ್ಟೆ ನೇರ ಗೋಡೆಗೆ ಸೇರಿತ್ತು. ಬ್ಲಾಕಿನ ಕೂಸುಗಳು ಆ ಸದ್ದಿಗೇ ನಿದ್ದೆ ಹೋಗುತ್ತಿದ್ದವು. ಮೊದಲ ಬಿಸಿ ರೊಟ್ಟಿ ಯಾವಾಗಲೂ ಮೇಲಿನ ಮನೆಯ ದಸ್ತಗೀರಸಾಬರಿಗೆ. ಅವರು ಗೌಂಡಿ, ಈ ಬ್ಲಾಕು ಕಟ್ಟುವಾಗ ಕಾಂಕ್ರೀಟು ಹಾಕಿದವರಲ್ಲಿ ಒಬ್ಬರು. ಈಗ ಎಡಮೈ ಸ್ವಾಧೀನವಿಲ್ಲದೆ ಮಂಚ ಹಿಡಿದಿದ್ದರು. ಪ್ರತಿ ಬೆಳಿಗ್ಗೆ ಫಕೀರವ್ವ ಮೊದಲ ಹಿಟ್ಟು ತಟ್ಟುವ ಮುಂಚೆ ಕಟ್ಟೆಯ ಮೇಲೆ ಎರಡು ಸಲ ಅಂಗೈ ಬಡಿಯುತ್ತಿದ್ದಳು. ಮೇಲಿನಿಂದ ಅವರು ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು. ಇದ್ದೇನೆ ಎಂದು ಅದರ ಅರ್ಥ. ಹಾಗೆಂದು ಅವರಿಬ್ಬರೂ ಮಾತಾಡಿಕೊಂಡು ಗೊತ್ತುಮಾಡಿದ್ದಲ್ಲ, ಹೇಗೋ ರೂಢಿಯಾಗಿತ್ತು.

ಆ ವಾರ ಅವಳು ರೊಟ್ಟಿ ಕೊಡಲು ಹೋದಾಗ ಸಾಬರು ಕಿವಿಯನ್ನು ಗೋಡೆಗೆ ಆನಿಸಿ ಮಲಗಿದ್ದರು.

"ಫಕೀರವ್ವ, ಮೆಟ್ಟಲ ಕಡಿ ಕಂಬ ಹೊಟ್ಟಿ ಬಿಟ್ಟೈತಿ. ಬೆರಳಿಲೆ ಬಡದು ನೋಡು, ಟೊಳ್ಳ ಸಪ್ಪಳ ಬರತೈತಿ."

"ಫಲಕದಾಗ ನಾಲ್ಕು ಅಂತ ಬರದೈತಲ್ಲಣ್ಣಾ. ನಾವು ಕಳ್ಳರು ಅಂತ ಕೆಂಪು ದೀಪ ಬ್ಯಾರೆ."

"ಅದನ್ನ ಬರದವರು ಈ ಕಂಬ ಹಾಕ್ಯಾರೇನು? ನಾ ಹಾಕೀನಿ. ಹೋಗಿ ಹೇಳು ಅವರಿಗೆ."

ಫಕೀರವ್ವ ರೊಟ್ಟಿಯ ಗಂಟು ಹಿಡಿದು ಪುರಭವನಕ್ಕೆ ಹೋದಳು. ಮೂರು ತಾಸು ಬಾಗಿಲಲ್ಲಿ ಕೂತಳು. ಜವಾನ ತನ್ನ ಬಾಟಲಿಯ ನೀರು ಕೊಟ್ಟು, ಸಾಹೇಬರು ಊಟಕ್ಕೆ ಎದ್ದ ಹೊತ್ತು ನೋಡಿ ಅವಳನ್ನು ಹಿಂದಿನ ಕೋಣೆಗೆ ಬಿಟ್ಟ. ಗೋಡೆ ತುಂಬ ಪರದೆಗಳು, ಹಸಿರು ಗೆರೆಗಳು. ನಡುವೆ ಪ್ರಫುಲ್ಲಾ.

"ಬಾಯಾರ, ನಾವು ಗ್ವಾಡಿ ಬಡದಿಲ್ರಿ. ರೊಟ್ಟಿ ಬಡಿಯೂ ಮಂದಿ ನಾವು."

ಪ್ರಫುಲ್ಲಾಳಿಗೆ ಮೊದಲು ತಿಳಿಯಲಿಲ್ಲ. ಫಕೀರವ್ವ ಮೇಜಿನ ಮೇಲೆ ತಟ್ಟಿ ತೋರಿಸಿದಳು. ಪ್ರಫುಲ್ಲಾ ಹುಟ್ಟಿ ಬೆಳೆದ ಮನೆಯಲ್ಲೂ ದಿನವೂ ಕೇಳಿದ ಸದ್ದದು. ಈ ಕೋಣೆಯಲ್ಲಿ ಕುಳಿತಾಗ ಅದೊಂದು ನೆನಪಾಗಿರಲಿಲ್ಲ.

"ಜರಡಿ ತಗೀಬೇಕಂದ್ರ ಸಭಾದಾಗ ಠರಾವ್ ಆಗಬೇಕು," ಎಂದಳು ತಡೆದು ತಡೆದು. "ನಾ ಅಲ್ಲಿಗೆ ಬರೂಹಂಗಿಲ್ಲ, ಹುಕುಂ ಐತಿ. ನೀವು ಒಂದು ನಾಲ್ಕು ದಿನ ರೊಟ್ಟಿ ನಿಲ್ಲಸ್ತೀರೇನ್ರಿ? ನಿಮ್ಮ ಗ್ವಾಡಿ ಒಂದ ಮಾತಾಡ್ಲಿ. ಸೋಮವಾರದೊಳಗ ಖರೇ ಅಂಕ ಬರತೈತಿ."

"ನಾಲ್ಕು ದಿನ ಆರು ಮನಿ ಒಲಿ ಆರತಾವ," ಎಂದಳು ಫಕೀರವ್ವ. "ಆರ್ಲಿ. ಸಾಬಣ್ಣ ಕಂಬ ಬೀಳತೈತಿ ಅಂದ್ರ ಬೀಳತೈತಿ" ಎಂದು ಗಂಟನ್ನು ಮೇಜಿನ ಮೇಲಿಟ್ಟಳು. "ಇದನ್ನ ಇವತ್ತ ತಿನ್ರಿ. ನಾಳೆ ಸಿಗೂದಿಲ್ಲ."

ಗುರುವಾರ ಏಳನೆಯ ಬ್ಲಾಕು ಮೌನವಾಯಿತು. ಕೂಸುಗಳು ನಿದ್ದೆಯಿಲ್ಲದೆ ಅತ್ತವು. ಒಂದು ಖಾನಾವಳಿಯ ಮಾಲೀಕ, ಕೇಳದೆಯೇ, ಆರು ಮನೆಗೂ ಅಕ್ಕಿ ಕಳಿಸಿದ. ಅಂಕ ಮೂವತ್ತೆಂಟಾಯಿತು. ಶುಕ್ರವಾರ ಐವತ್ತೇಳು. ಶನಿವಾರ ಬೆಳಿಗ್ಗೆ ಕೆಂಪು ದೀಪ ಆರಿ, ಎಪ್ಪತ್ತೊಂದು ಎಂಬ ಅಂಕ ಫಲಕದ ತುದಿಗೆ ಏರಿತು.

ಅದರ ಕೆಳಗೆ ಐದನೆಯ ಬ್ಲಾಕು. ಅರವತ್ತನಾಲ್ಕು.

ಯಮನೂರಪ್ಪ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದ. ಮಗಳ ಹೆಗಲಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಮೊದಲ ಸಲ ಮೂರನೆಯ ಬ್ಲಾಕಿನವರು ಅವನ ಸರದಿ ಕದ್ದಿದ್ದರು. ಈಗ ಮೊನ್ನೆವರೆಗೆ ನಾಲ್ಕು ಅಂಕವಿದ್ದವರು ಮೂರೇ ದಿನದಲ್ಲಿ ಎಪ್ಪತ್ತಕ್ಕೆ ಏರಿದ್ದರು. ಇದು ಕಳ್ಳಾಟವಲ್ಲದೆ ಬೇರೆಯೆಂದು ಅವನಿಗೆ ಅನ್ನಿಸಲೇ ಇಲ್ಲ.

"ಅವರು ಬಡಿಯೂದು ಬಿಟ್ಟಾರ ಅಂತ ಅಂಕ ಏರೈತಿ," ಎಂದ ಜೊತೆಗಿದ್ದವನೊಬ್ಬ. "ಅವರ ಗ್ವಾಡಿ ನಾವ ಬಡದ್ರ?"

ಬಡಿದರೆ ಕೆಂಪು ದೀಪ ಹತ್ತುತ್ತದೆ. ಏಳನೆಯದರ ಸರದಿ ತಪ್ಪುತ್ತದೆ. ಇಷ್ಟು ಸಲೀಸು. ಊಟ ಮುಗಿಸಿ, ಮೂರು ಗಂಟೆಯ ಬಿಸಿಲಿನಲ್ಲಿ ಇಪ್ಪತ್ತು ಜನ ಸುತ್ತಿಗೆ ಹಿಡಿದು ಹೊರಟರು.

ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು.

"ಬದಿಗೆ ಸರಿ ಅಕ್ಕಾ," ಎಂದ ಯಮನೂರಪ್ಪ ಮೆತ್ತಗೆ. "ನಿನಗ ಕೈ ಹಚ್ಚೂದಿಲ್ಲ. ಗ್ವಾಡಿಗಷ್ಟ."

"ಬ್ಯಾಡೋ ಯಮನೂರಾ, ಕಂಬ ಟೊಳ್ಳೈತಿ. ಮ್ಯಾಲ ಕೂಸು ಮಕ್ಕಳದಾವು."

"ನಂದೂ ಕೂಸೈತಿ."

"ಅದಕ್ಕ ಮೆತ್ತನ್ನ ರೊಟ್ಟಿ ಮಾಡಿ ಕಳಿಸಿದ್ದು ಇದ ಕೈ, ಮರತೇನು?"

ಅವನು ಒಂದು ಕ್ಷಣ ನೆಲ ನೋಡಿದ. ಆಗ ಹಿಂದಿದ್ದವನು ಅವಳನ್ನು ತಳ್ಳಿದ. ಅವಳ ಬಾಯಿ ಹೊಸ್ತಿಲಿಗೆ ಬಡಿದು ರಕ್ತ ಸುರಿಯಿತು. ಅದನ್ನು ಕಂಡದ್ದೇ ಒಳಗಿನ ಐವರು ಹೆಂಗಸರು ಖಾರದಪುಡಿಯ ಡಬ್ಬಿ ತೆಗೆದುಕೊಂಡು ನುಗ್ಗಿದರು. ಕಣ್ಣು ಉರಿದು ಚೀರುತ್ತ ಒಬ್ಬ ಕುರುಡನಂತೆ ಸುತ್ತಿಗೆ ಬೀಸಿದ. ಅದು ಅವನದೇ ಗೆಳೆಯನ ದವಡೆಗೆ ತಗುಲಿ ದವಡೆ ಜೋತುಬಿತ್ತು. ಒನಕೆಯ ಪೆಟ್ಟಿಗೆ ಇನ್ನೊಬ್ಬನ ಮೊಣಕೈ ಒಡೆಯಿತು. ಅಂಗಳದಲ್ಲಿ ಯಾರ ಕೂದಲು ಯಾರ ಕೈಯಲ್ಲಿ ಎಂದು ತಿಳಿಯದ ಹಾಗಾಯಿತು. ಈ ಗದ್ದಲದ ನಡುವೆಯೇ ಏಳೆಂಟು ಜನ ಗೋಡೆಗೆ ಹೊಡೆಯತೊಡಗಿದ್ದರು. ಮೇಲಿನಿಂದ ದಸ್ತಗೀರಸಾಬರ ಕೋಲು ನೆಲಕ್ಕೆ ಬಡಿಯುತ್ತಲೇ ಇತ್ತು, ನಿಲ್ಲಿಸದೆ, ಕೂಗುವ ಹಾಗೆ.

ಆ ಕೂಗು ಅರ್ಥವಾದದ್ದು ಫಕೀರವ್ವನಿಗೆ ಮಾತ್ರ. ಅವಳು ಎದ್ದು, "ಹೊರಗ ಬರ್ರಿ, ಕೂಸುಗಳನ್ನ ತಗೊಂಡು ಹೊರಗ ಬರ್ರಿ" ಎಂದು ಒದರುತ್ತ ಮೆಟ್ಟಿಲು ಹತ್ತಿದಳು. ಬಾಗಿಲು ಬಾಗಿಲು ಬಡಿದಳು. ಜನ ಅವಳನ್ನು ಸರಿಸಿಕೊಂಡು ಕೆಳಗೆ ಓಡಿದರು. ಅವಳು ಸಾಬರ ಮನೆಗೆ ನುಗ್ಗಿದಳು.

"ನನ್ನ ಬಿಟ್ಟು ಹೋಗ ಹುಚ್ಚಿ," ಎಂದರು ಸಾಬರು.

"ಸುಮ್ನ ಕೈ ಹಾಕ್ರಿ ಹೆಗಲ ಮ್ಯಾಲ."

ಕೆಳಗೆ ಮೆಟ್ಟಿಲ ಕಂಬ ಒಂದು ಸಲ ಕೆಮ್ಮಿದಂತಾಯಿತು. ಆಮೇಲೆ ಮೂರು ಅಂತಸ್ತು ಒಂದರ ಮೇಲೊಂದು ಕೂತವು. ಬಿಳಿ ಧೂಳು ಮಿಲ್ಲಿನ ಬಯಲು ದಾಟಿ ಹೋಯಿತು. ಗೋಡೆ ಬಡಿಯುತ್ತಿದ್ದವರಲ್ಲಿ ಮೂವರು ಸುತ್ತಿಗೆ ಹಿಡಿದ ಹಾಗೆಯೇ ಅಡಿಯಲ್ಲಿ ಹೋದರು. ಮೂರನೆಯ ಅಂತಸ್ತಿನ ಒಂದು ಸಂಸಾರ, ನಾಲ್ಕು ಜನ, ಮೆಟ್ಟಿಲ ಮೇಲೆಯೇ ಸತ್ತರು.

ಪುರಭವನದ ಕೋಣೆಯಲ್ಲಿ ಪ್ರಫುಲ್ಲಾ ಅದನ್ನು ಗೆರೆಯಾಗಿ ನೋಡಿದಳು. ಏಳನೆಯ ಬ್ಲಾಕಿನ ಗೆರೆ ಪರದೆಯ ನೆತ್ತಿಗೆ ಚಿಮ್ಮಿತು, ಮತ್ತೆ ನೆಲಕ್ಕೆ ಬಿದ್ದು ಮಲಗಿತು. ಹತ್ತೊಂಬತ್ತು ಬಿಲ್ಲೆಗಳಲ್ಲಿ ನಾಲ್ಕು ಇನ್ನೂ ಜೀವಂತವಿದ್ದವು. ನಾಲ್ಕರ ಮುಂದೆಯೂ ಸೊನ್ನೆ.

ಒಂದು ತಾಸಿನ ನಂತರ ಇಟಗಿಯವರ ಫೋನು ಬಂತು. "ಒಳಗ ಏನರ ಕೇಳಸ್ತೈತೇನ್ರಿ?"

"ಇಲ್ರಿ. ಸೊನ್ನೆ ಐತಿ."

"ಆರನೇ ಬ್ಲಾಕು ಇತ್ಲಾಗ ವಾಲಾಕತ್ತೈತಿ. ಅದು ಬೀಳೂದ್ರಾಗ ಜೆಸಿಬಿ ಬಿಟ್ಟು ಜಾಗಾ ಬಯಲ ಮಾಡತೇವಿ. ಜೀವಿಲ್ಲ ಅಂದ ಮ್ಯಾಲ ತಡಾ ಯಾಕ."

ಫೋನು ಇಟ್ಟಳು. ಮೇಜಿನ ಮೇಲೆ ಮೊನ್ನೆಯ ಗಂಟಿನ ಬಟ್ಟೆ ಮಡಿಸಿಟ್ಟಿತ್ತು, ತೊಳೆದು ವಾಪಸು ಕೊಡಬೇಕೆಂದು. ಅದನ್ನು ನೋಡುತ್ತ ಕೂತವಳಿಗೆ ಹೊಳೆಯಿತು. ಸೊನ್ನೆ ಎಂದದ್ದು ಬಿಲ್ಲೆಯಲ್ಲ, ಜರಡಿ. ಸಿಕ್ಕಿಬಿದ್ದ ಮನುಷ್ಯ ಏನು ಮಾಡುತ್ತಾನೆ? ಬಡಿಯುತ್ತಾನೆ. ಒಂದೇ ಅಂತರದಲ್ಲಿ, ಒಂದೇ ತೂಕದಲ್ಲಿ.

ಠರಾವಿಗೆ ಕಾಯಲಿಲ್ಲ. ಬರೆದ ಲೆಕ್ಕವನ್ನು ಅಳಿಸಿ ಸ್ಪೀಕರು ಹಚ್ಚಿದಳು.

ಟಪ್, ಟಪ್.

ಆಮೇಲೆ, ಬೇರೆಯೇ ಸದ್ದು. ಟಕ್, ಟಕ್.

ಮತ್ತೆ ಅಂಗೈ. ಮತ್ತೆ ಕೋಲು.

ಇಟಗಿಯವರು ಫೋನು ಎತ್ತಲಿಲ್ಲ. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಸ್ಕೂಟರಿನಲ್ಲಿ, ಹುಕುಂ ಮರೆತು, ಮೊದಲ ಸಲ ಆ ಕಾಲೋನಿಯೊಳಗೆ ಹೋದಳು. ಯಾರೋ ಎಸೆದ ಕಲ್ಲು ಹಣೆಗೆ ತಗುಲಿತು. ರಕ್ತ ಒರೆಸಿಕೊಳ್ಳದೆ ಜೆಸಿಬಿಯ ಹಲ್ಲಿನ ಮುಂದೆ ನಿಂತು, ಸ್ಪೀಕರಿನ ದನಿ ಪೂರ್ತಿ ಏರಿಸಿದಳು. ಚಾಲಕ ಪಕ್ಕದಲ್ಲಿದ್ದ ಅಧ್ಯಕ್ಷರ ಮುಖ ನೋಡಲಿಲ್ಲ. ಎಂಜಿನ್ ಆರಿಸಿ, ಕೀಲಿ ಕಿತ್ತು, ಮತ್ತೆ ಯಾರೂ ಹಚ್ಚದ ಹಾಗೆ ಜೇಬಿಗೆ ಹಾಕಿಕೊಂಡ.

ಸ್ಪೀಕರಿನಿಂದ ಎರಡು ಅಂಗೈಪೆಟ್ಟು, ಎರಡು ಕೋಲಿನ ಕುಟ್ಟು.

"ಫಕೀರವ್ವ," ಎಂದಳು ರೊಟ್ಟಿಯ ಹೆಂಗಸರಲ್ಲೊಬ್ಬಳು. "ಸಾಬಣ್ಣನೂ ಅದಾನ."

ಯಮನೂರಪ್ಪ ಧೂಳಿನಲ್ಲಿ ಕೂತಿದ್ದ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಎದ್ದು ಸುತ್ತಿಗೆ ತೆಗೆದುಕೊಂಡ. "ಸುತ್ತಿಗಿ ಬ್ಯಾಡ," ಎಂದಳು ಪ್ರಫುಲ್ಲಾ. ಅವನು ಅದನ್ನು ಎಸೆದು ಕೈಯಿಂದ ಕಲ್ಲು ಸರಿಸತೊಡಗಿದ. ಐದನೆಯವರು, ಏಳನೆಯವರು, ಒಂದು ತಾಸಿನ ಹಿಂದೆ ಒಬ್ಬರ ಕಣ್ಣಿಗೊಬ್ಬರು ಖಾರ ಎರಚಿದವರು, ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಹಲ್ಲು ಕಳೆದುಕೊಂಡ ಮೇಷ್ಟ್ರು ಎಲ್ಲರಿಗೂ ನೀರು ತಂದುಕೊಟ್ಟರು, ತಮ್ಮನ್ನು ಎಳೆದವರಿಗೂ.

ಪ್ರಫುಲ್ಲಾ ನಾಲ್ಕು ಬಿಲ್ಲೆಗಳ ಸದ್ದು ಹೋಲಿಸಿ ಜಾಗ ಹೇಳುತ್ತಿದ್ದಳು. ಇಲ್ಲಿ. ಇನ್ನು ಎರಡು ಮೊಳ ಎಡಕ್ಕೆ. ಈಗ ಕೆಳಗೆ.

ಎರಡನೆಯ ತಾಸಿನಲ್ಲಿ, ಹೊತ್ತು ಮುಳುಗುವ ಮುಂಚೆ, ಅಂಗೈ ಎರಡು ಸಲ ಬಡಿಯಿತು. ಕೋಲು ಉತ್ತರ ಕೊಡಲಿಲ್ಲ.

ಎಲ್ಲರ ಕೈ ನಿಂತಿತು. ಅಂಗೈ ಮತ್ತೆ ಬಡಿಯಿತು, ಮತ್ತೆ ಕಾಯಿತು. ಉಗುರು ಕಿತ್ತುಹೋದ ಬೆರಳುಗಳಿಂದ ಯಮನೂರಪ್ಪ ಇನ್ನೂ ಜೋರಾಗಿ ಅಗೆದ.

ಅವಳನ್ನು ಹೊರಗೆ ತೆಗೆದಾಗ ಬಲಗೈ ತೊಲೆಯಡಿ ಜಜ್ಜಿಹೋಗಿತ್ತು. ಎಡಗೈ ಮುರಿದ ಬಾಗಿಲಿನ ಹಲಗೆಯ ಮೇಲಿತ್ತು. ಪಕ್ಕದಲ್ಲೇ ದಸ್ತಗೀರಸಾಬರು, ಕೋಲಿನ ಮೇಲೆ ಕೈಯಿಟ್ಟು, ಕಿವಿಯನ್ನು ಗೋಡೆಯ ತುಂಡಿಗೆ ಆನಿಸಿ ಮಲಗಿದ್ದರು. ಯಮನೂರಪ್ಪ ಅವಳನ್ನು ಎತ್ತಿಕೊಂಡ. ಅವಳು ಅವನ ಮುಖ ನೋಡಿದಳು.

"ನಿನ್ನ ಕಿವ್ಯಾಗ ರಕ್ತ ಬರಾಕತ್ತೈತೋ," ಎಂದಳು.

ಮುಂದಿನ ಸೋಮವಾರದ ಸಭೆಯಲ್ಲಿ ಯಾರೂ ಕುರ್ಚಿ ಮುರಿಯಲಿಲ್ಲ. ಪ್ರಫುಲ್ಲಾ ತನ್ನ ವರದಿಯನ್ನು ನಿಂತು ಓದಿದಳು. ಅದರಲ್ಲಿ ಬಿಲ್ಲೆಯ ತಪ್ಪು, ಬಿರುಕಿನ ತಪ್ಪು ಎಂದೇನೂ ಇರಲಿಲ್ಲ. "ನಾನು ಏಳನೆಯ ಬ್ಲಾಕಿಗೆ ಒಮ್ಮೆಯೂ ಹೋಗಿರಲಿಲ್ಲ" ಎಂಬುದು ಅದರ ಮೊದಲ ಸಾಲು. ಬಿಲ್ಲೆಯ ಅಂಕ ಬಂದ ಮೇಲೆ ಒಬ್ಬ ಮನುಷ್ಯ ಆ ಮನೆಯಲ್ಲಿ ಒಂದು ಹಗಲು ಕೂತು ಬರದೆ ಯಾವ ತೀರ್ಮಾನವೂ ಆಗಬಾರದು ಎಂಬುದು ಕೊನೆಯ ಸಾಲು. ಹಿಂದಿನ ಸಾಲಿನ ಆ ಸದಸ್ಯರು ಮೊದಲು ಕೈ ಎತ್ತಿದರು. ಅಧ್ಯಕ್ಷರು ಕೊನೆಗೆ. ಆ ತಿಂಗಳ ರಿಪೇರಿ ಐದನೆಯ ಬ್ಲಾಕಿಗೆ ಹೋಯಿತು. ಯಮನೂರಪ್ಪ ಅದನ್ನು ನೋಡಲಿಲ್ಲ, ಜೈಲಿನಲ್ಲಿದ್ದ. ಅವನ ಮಗಳಿಗೆ ರೊಟ್ಟಿ ಹೋಗುವುದು ನಿಲ್ಲಲಿಲ್ಲ.

ಮಿಲ್ಲಿನ ಶೆಡ್ಡಿನಲ್ಲಿ ಈಗ ಏಳನೆಯ ಬ್ಲಾಕಿನವರ ತಾತ್ಕಾಲಿಕ ವಸತಿ. ಅಲ್ಲಿಯ ಗೋಡೆಗೂ ಪ್ರಫುಲ್ಲಾ ಒಂದು ಬಿಲ್ಲೆ ಕೂರಿಸಿದ್ದಾಳೆ. ಬೆಳಿಗ್ಗೆ ಕೋಣೆಗೆ ಬಂದವಳು ಮೊದಲು ಅದರ ಸ್ಪೀಕರು ಹಚ್ಚುತ್ತಾಳೆ. ಜರಡಿಯಿಲ್ಲ. ಕೂಸು ಅಳುವುದು, ಪಾತ್ರೆ ಬೀಳುವುದು, ಹೆಂಗಸರು ನಗುವುದು, ಎಲ್ಲವೂ ಬರುತ್ತದೆ. ಆಮೇಲೆ ಒಂದೇ ಕೈ, ಎಡಗೈ, ಕಟ್ಟೆಯ ಮೇಲೆ ಎರಡು ಸಲ ಬಡಿಯುತ್ತದೆ.

ಅದರ ನಂತರ, ಒಂದು ಕೋಲು ಎರಡು ಸಲ ಕುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಏನೂ ಕೇಳಿಸುವುದಿಲ್ಲ. ಮಿಕ್ಕ ಹೆಂಗಸರೂ ಕೈ ತಡೆದು ನಿಲ್ಲುತ್ತಾರೆ.

ಆಮೇಲೆ ರೊಟ್ಟಿ ಶುರುವಾಗುತ್ತದೆ.